ಏಷ್ಯನ್ ಬೀಚ್ ಕ್ರೀಡಾಕೂಟಗಳಲ್ಲಿ ಭಾರತದ ಕಬಡ್ಡಿ ತಂಡಗಳು

ಏಷ್ಯನ್ ಬೀಚ್ ಕ್ರೀಡಾಕೂಟವು ಏಷ್ಯಾ ಒಲಿಂಪಿಕ್ ಮಂಡಳಿ ನಡೆಸುವ ಕಡಲತೀರದ ಆಟಗಳ ಸ್ಪರ್ಧೆಯಾಗಿದ್ದು, 2008ರಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಆರಂಭವಾಯಿತು. ಏಳೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕ ಕರಾವಳಿಯಿರುವ ಭಾರತಕ್ಕೆ ಇಲ್ಲಿ ತಪ್ಪದೆ ಚಿನ್ನ ತಂದುಕೊಟ್ಟದ್ದು ಜಲಕ್ರೀಡೆಯಲ್ಲ, ಊರೂರಿನ ಮಣ್ಣಿನ ಅಂಕಣದಲ್ಲಿ ಬೆಳೆದ ಕಬಡ್ಡಿ. ಬಾಲಿ (2008), ಮಸ್ಕತ್ (2010), ಹೈಯಾಂಗ್ (2012), ಫುಕೆಟ್ (2014), ದನಾಂಗ್ (2016) ಈ ಐದೂ ಕೂಟಗಳಲ್ಲಿ ಮಹಿಳಾ ತಂಡವು ಚಿನ್ನದ ಪದಕ ಗಳಿಸಿತು. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಈ ತಂಡದಲ್ಲಿ ಆಡಿದವರಲ್ಲಿ ಒಬ್ಬರು.

ಪುರುಷರ ಹಾದಿ ಇಷ್ಟು ಸುಗಮವಾಗಿರಲಿಲ್ಲ. ಮರಳಿನ ಮೇಲೆ ಪ್ರತಿ ತಂಡದಿಂದ ಏಳರ ಬದಲು ನಾಲ್ವರಷ್ಟೇ ಆಡುವುದರಿಂದ ದಾಳಿಗಾರನನ್ನು ಸುತ್ತುವರಿದು ಹಿಡಿಯಲು ಜನ ಸಾಲದು. ಒಬ್ಬನ ತಪ್ಪು ತಂಡಕ್ಕೇ ದುಬಾರಿಯಾಗುತ್ತದೆ. ಬಾಲಿಯಲ್ಲಿ ಚಿನ್ನ ಗೆದ್ದಿದ್ದ ಭಾರತವು ದನಾಂಗ್‌ನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನಕ್ಕೆ 28–30 ಅಂಕಗಳಿಂದ ಸೋತಿತು.