ಆಡದ ಆಟ, ಆಡಿದ ಮಾತು

ಕಂಡದ್ದಕ್ಕಾಗಿ ಮನುಷ್ಯನು ಕೋಪಗೊಳ್ಳುವುದು ಸಹಜವೆನ್ನಬಹುದು; ಇನ್ನೂ ಕಾಣದಿರುವುದಕ್ಕಾಗಿ ಕೋಪಗೊಳ್ಳುವುದು ನಮ್ಮ ಕಾಲದ ವ್ಯಾಧಿ. ಹೊಸ ಚಲನಚಿತ್ರವೋ ಹೊಸ ವಿಡಿಯೊ ಗೇಮೋ ಜನರ ಕೈ ಸೇರುವ ಮೊದಲೇ ಅದರ ವಿಮರ್ಶೆ ಹೊರಬರುತ್ತದೆ. ಅದರಲ್ಲಿ ಒಂದೆರಡು ಅಂಕ ಕಡಿಮೆಯಾದರೂ ಸಾಕು, ಅಭಿಮಾನಿಗಳು ವಿಮರ್ಶಕರ ಮೇಲೆ ಎರಗುತ್ತಾರೆ. ಕೃತಿಯನ್ನು ಅವರಿನ್ನೂ ನೋಡಿರುವುದಿಲ್ಲ. ತೀರ್ಪು ಮಾತ್ರ ಸಿದ್ಧವಾಗಿರುತ್ತದೆ. ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದಂತಹ ಊರಿನ ತರುಣನೂ ಮೊಬೈಲ್ ಮೂಲಕ ಇಂದು ಈ ಕಲಹದಲ್ಲಿ ಪಾಲುದಾರನಾಗಬಲ್ಲನು. ಆದುದರಿಂದ ಇದನ್ನು ದೂರದೇಶದ ವಾರ್ತೆಯೆಂದು ಶ್ರಾವಕರು ಕಡೆಗಣಿಸುವಂತಿಲ್ಲ.

2020ರ ಡಿಸೆಂಬರ್ ತಿಂಗಳಿನ ಒಂದು ನಿದರ್ಶನವನ್ನು ನೋಡೋಣ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ ‘ಸೈಬರ್‌ಪಂಕ್ 2077’ ಎಂಬ ಸಾಹಸ ಗೇಮ್ ಆ ತಿಂಗಳ 10ರಂದು ಬಿಡುಗಡೆಯಾಯಿತು. ಅದಕ್ಕೆ ಮುಂಚಿತವಾಗಿಯೇ 80 ಲಕ್ಷ ಪ್ರತಿಗಳನ್ನು ಜನರು ಕಾಯ್ದಿರಿಸಿದ್ದರು. 7ರಂದು ಬಂದ ಮೊದಲ ವಿಮರ್ಶೆಗಳಲ್ಲಿ ಹೊಗಳಿಕೆಯೇ ಹೆಚ್ಚು. ಗೇಮ್‌ಸ್ಪಾಟ್ ಜಾಲತಾಣದ ವಿಮರ್ಶಕಿ ಮಾತ್ರ 10ಕ್ಕೆ 7 ಅಂಕ ಕೊಟ್ಟರು. ಗೇಮ್ ಇನ್‌ಫಾರ್ಮರ್ ಪತ್ರಿಕೆಯ ಬರಹಗಾರ್ತಿಯೊಬ್ಬರು, ಅದರೊಳಗಿನ ತೀವ್ರವಾಗಿ ಮಿನುಗುವ ಬೆಳಕಿನ ದೃಶ್ಯಗಳು ಮೂರ್ಛೆರೋಗವುಳ್ಳವರಿಗೆ ಅಪಾಯಕಾರಿ ಎಂದು ಎಚ್ಚರಿಸಿದರು. ಆಡುವಾಗ ಅವರಿಗೇ ರೋಗ ಮರುಕಳಿಸಿತ್ತು. ಇಬ್ಬರ ಮೇಲೂ ನಿಂದೆಯ ಸುರಿಮಳೆಯಾಯಿತು. ಎಚ್ಚರಿಕೆ ಕೊಟ್ಟವರಿಗೆ ಕೆಲವರು ಮೂರ್ಛೆ ಬರಿಸುವಂತಹ ವಿಡಿಯೊಗಳನ್ನೇ ಕಳುಹಿಸಿದರು. ವಿಶೇಷವೆಂದರೆ, ಗೇಮನ್ನು ರೂಪಿಸಿದ ಸಂಸ್ಥೆ ಆ ಮಾತನ್ನು ಒಪ್ಪಿಕೊಂಡು ಕೆಲವೇ ದಿನಗಳಲ್ಲಿ ಎಚ್ಚರಿಕೆಯ ಸೂಚನೆ ಸೇರಿಸಿ ದೃಶ್ಯಗಳನ್ನು ತಿದ್ದಿತು. ಕರ್ತೃವಿಗೆ ಆಗದ ನೋವು ಅಭಿಮಾನಿಗೆ ಆಗಿತ್ತು!

ಈ ನೋವಿನ ಮೂಲ ಯಾವುದು? ಜಿನಾಗಮವು ‘ಮೂರ್ಛೆ’ ಎಂಬ ಪದವನ್ನು ಬೇರೊಂದು ಅರ್ಥದಲ್ಲಿ ಬಳಸುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನ ರಾಶಿಯಿಂದ ಅಳೆಯಲಿಲ್ಲ. ವಸ್ತುವಿನ ಮೇಲಿನ ಮೂರ್ಛೆಯಿಂದ, ಎಂದರೆ ‘ಇದು ನನ್ನದು’ ಎಂಬ ಮಮತ್ವದಿಂದ ಅಳೆದರು. ಇನ್ನೂ ಕೈಗೆ ಬಾರದ ವಸ್ತುವೂ ಪರಿಗ್ರಹವಾಗಬಲ್ಲುದೆಂಬುದು ಇದರಿಂದ ಸ್ಪಷ್ಟ. ಹಣ ಕೊಟ್ಟು ಕೊಂಡವನು ಗ್ರಾಹಕ. ತನ್ನನ್ನೇ ಒಪ್ಪಿಸಿಕೊಂಡವನು ಅಭಿಮಾನಿ. ‘ಅಭಿಮಾನ’ ಎಂಬ ಪದದ ಒಡಲಲ್ಲಿಯೇ ನಾಲ್ಕು ಕಷಾಯಗಳಲ್ಲೊಂದಾದ ಮಾನವು ಅಡಗಿದೆ. ಮಾನಕ್ಕೆ ಪೆಟ್ಟಾದಾಗ ಕ್ರೋಧ ಏಳುತ್ತದೆ. ಕ್ರೋಧಕ್ಕೆ ಮರೆ ಬೇಕಾದಾಗ ಮಾಯೆ ಕಳ್ಳಹೆಸರಿನ ಖಾತೆಯನ್ನು ತೆರೆಯುತ್ತದೆ. ಆಗ ಸೋದರಿಯೊಬ್ಬರ ರೋಗವೂ ಆಯುಧವಾಗಿ ಕಾಣುತ್ತದೆ. ಕೈಯೆತ್ತದೆ ಮಾಡಿದ ಈ ಕೃತ್ಯವು ಪೂರ್ಣಾರ್ಥದಲ್ಲಿ ಹಿಂಸೆಯೇ. ಪರರ ಪ್ರಾಣಭಯವನ್ನು ನೀಗಲು ಆಡಿದ ಆ ಎಚ್ಚರಿಕೆಯ ಮಾತಾದರೋ ಅಭಯದಾನವಾಗಿತ್ತು.

ಹಾಗೆಂದು ವಿಮರ್ಶಕರೆಲ್ಲರೂ ನಿರ್ದೋಷಿಗಳೇ? ಅನೇಕಾಂತವು ಹಾಗೆ ಹೇಳಲು ಬಿಡದು. ಆ ಗೇಮಿನ ಕಂಪ್ಯೂಟರ್ ಪ್ರತಿ ಮಾತ್ರ ಮೊದಲ ವಿಮರ್ಶಕರಿಗೆ ದೊರೆತಿತ್ತು. ಹಳೆಯ ಪ್ಲೇಸ್ಟೇಷನ್‌ನಂತಹ ಯಂತ್ರಗಳಲ್ಲಿ ಅದು ತೀರಾ ಕೆಟ್ಟದಾಗಿ ನಡೆಯಿತು. ಬಿಡುಗಡೆಯಾದ ಸುಮಾರು ಒಂದು ವಾರದಲ್ಲಿ ಸೋನಿ ಸಂಸ್ಥೆ ಅದನ್ನು ತನ್ನ ಮಳಿಗೆಯಿಂದ ತೆಗೆದು, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. ಹೊಗಳಿದವರು ಸುಳ್ಳು ಹೇಳಿರಲಿಲ್ಲ; ತಾವು ಕಂಡ ಒಂದು ಮುಖವನ್ನೇ ವಸ್ತುವಿನ ಸರ್ವಸ್ವವೆಂಬಂತೆ ನುಡಿದವರು ಅವರಲ್ಲಿದ್ದರು. ಒಂದು ದೃಷ್ಟಿಯಿಂದ ನುಡಿಯುವುದು ನಯ. ಉಳಿದ ದೃಷ್ಟಿಗಳನ್ನು ನಿರಾಕರಿಸಿ ನುಡಿಯುವುದು ದುರ್ನಯ. ಸ್ಯಾದ್ವಾದದ ‘ಸ್ಯಾತ್’ ಎಂಬುದು ಸಂದೇಹದ ಮಾತಲ್ಲ, ‘ಈ ಅಪೇಕ್ಷೆಯಿಂದ ಹೀಗೆ’ ಎಂಬ ಖಚಿತ ಮಾತು. ‘ಇಂಥ ಯಂತ್ರದಲ್ಲಿ, ಇಷ್ಟು ಹೊತ್ತು ಆಡಿ, ನಾನು ಕಂಡದ್ದಿದು’ ಎನ್ನುವ ವಿಮರ್ಶಕನು ತಿಳಿಯದೆಯೇ ಸ್ಯಾದ್ವಾದಿಯಾಗಿದ್ದಾನೆ. ಎಲ್ಲ ಅಭಿಪ್ರಾಯಗಳೂ ಸಮಾನವೆಂಬುದು ಅನೇಕಾಂತವಲ್ಲ. ಆಡಿ ನೋಡಿದವನ ಮಾತಿಗೂ ನೋಡದೆ ಬೈದವನ ಮಾತಿಗೂ ಒಂದೇ ತೂಕವಿಲ್ಲ.

ನಮ್ಮ ನಾಡಿನ ಸ್ಥಿತಿಯೂ ಭಿನ್ನವಲ್ಲ. 2025ರ ಡಿಸೆಂಬರ್ 11ರಂದು ‘ದಿ ಡೆವಿಲ್’ ಕನ್ನಡ ಚಿತ್ರ ತೆರೆಕಂಡಾಗ, ನ್ಯಾಯಾಲಯದ ಆದೇಶದಂತೆ ಬುಕ್‌ಮೈಶೋದಲ್ಲಿ ಅದರ ಅಂಕ ಹಾಗೂ ವಿಮರ್ಶೆಗಳನ್ನು ಸ್ಥಗಿತಗೊಳಿಸಲಾಗಿತ್ತು. ನೋಡದೆಯೇ ಕೊಡುವ ಹುಸಿ ಅಂಕಗಳು ನೂರಾರು ಜನರ ದುಡಿಮೆಯನ್ನು ಹಾಳುಮಾಡಬಲ್ಲವೆಂಬ ಆತಂಕ ಅಸಮಂಜಸವೇನಲ್ಲ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರವಣಿಗೆ, ಒಂದು. ಕಳ್ಳ ಖಾತೆಯಿಂದ ತೆಗಳುವುದಷ್ಟೇ ಅಲ್ಲ, ಕಳ್ಳ ಖಾತೆಯಿಂದ ಹೊಗಳುವುದೂ ಅದೇ ಅತಿಚಾರ. ಆದರೆ ಬಾಗಿಲು ಮುಚ್ಚಿದಾಗ ಹುಸಿಮಾತಿನೊಡನೆ ದಿಟದ ಮಾತೂ ಹೊರಗುಳಿಯುತ್ತದೆ. ಹಣ ಕೊಟ್ಟು ನೋಡಿದ ಪ್ರೇಕ್ಷಕನ ಪ್ರಾಮಾಣಿಕ ನುಡಿಗೂ ಎಡೆಯಿಲ್ಲದಂತಾಗುತ್ತದೆ. ಕಾನೂನು ಹೊರಗಿನ ಕದವನ್ನು ಹಾಕಬಲ್ಲುದು. ವಚನಗುಪ್ತಿಯನ್ನಾದರೋ ತನ್ನ ನಾಲಗೆಗೆ, ತನ್ನ ಬೆರಳಿಗೆ, ತಾನೇ ಹಾಕಿಕೊಳ್ಳಬೇಕು.

ಪರೀಕ್ಷೆಯು ಭಕ್ತಿಗೆ ವೈರಿಯೆಂಬ ಭಾವನೆಯೇ ಈ ಕಲಹದ ಬೇರು. ಸಮಂತಭದ್ರ ಆಚಾರ್ಯರು ಆಪ್ತಮೀಮಾಂಸೆಯಲ್ಲಿ ಸಾಕ್ಷಾತ್ ಜಿನೇಶ್ವರನನ್ನೇ ಪರೀಕ್ಷೆಗೆ ಒಡ್ಡಿದರು. ದೇವತೆಗಳು ಬಂದು ಪೂಜಿಸುತ್ತಾರೆಂಬ ವೈಭವವು ಅವರಿಗೆ ಹಿರಿಮೆಯ ಪ್ರಮಾಣವಾಗಲಿಲ್ಲ; ದೋಷರಹಿತತೆ ಹಾಗೂ ಯುಕ್ತಿಗೆ ವಿರೋಧವಿಲ್ಲದ ವಚನ ಪ್ರಮಾಣವಾದವು. ಆ ಪರೀಕ್ಷೆಯಿಂದ ಅವರ ಭಕ್ತಿ ಕುಂದಲಿಲ್ಲ, ನೆಲೆಗೊಂಡಿತು. ಆರಾಧ್ಯನೇ ಪರೀಕ್ಷೆಗೆ ಅತೀತನಲ್ಲದಿರುವಾಗ, ಒಂದು ಗೇಮು, ಒಬ್ಬ ನಟ ಪರೀಕ್ಷೆಗೆ ಅತೀತರೆನ್ನುವುದು ಮೂಢತೆಯಲ್ಲದೆ ಮತ್ತೇನು?

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ನಿಂತ ಬಾಹುಬಲಿಯ ಕಥೆಯೂ ಒಂದು ಆಟದ ಕಥೆಯೇ. ಸೈನಿಕರ ರಕ್ತ ಹರಿಯದಿರಲೆಂದು ಮಂತ್ರಿಗಳು ಯುದ್ಧವನ್ನು ದೃಷ್ಟಿ, ಜಲ, ಮಲ್ಲ ಎಂಬ ಮೂರು ಪಂದ್ಯಗಳಿಗೆ ಇಳಿಸಿದರು. ಮೂರರಲ್ಲೂ ಭರತನು ಸೋತನು. ಸೋಲು ಅವನ ದೋಷವಾಗಿರಲಿಲ್ಲ. ತೀರ್ಪನ್ನು ತಾಳಲಾರದೆ ಚಕ್ರವನ್ನೆಸೆದದ್ದು ದೋಷವಾಯಿತು. ಆ ಚಕ್ರವು ಬಾಹುಬಲಿಯನ್ನು ಬಲವಂದು ನಿಂತಿತು. ಇಂದಿನ ಅಭಿಮಾನಿ ಎಸೆಯುವ ನುಡಿಯ ಚಕ್ರವು ಹಾಗೆ ನಿಲ್ಲುವುದಿಲ್ಲ. ಅದು ಯಾರದೋ ಮನೆಯ ಹೆಣ್ಣುಮಗಳನ್ನು, ಯಾರದೋ ಆರೋಗ್ಯವನ್ನು ತಾಗಿಯೇ ತೀರುತ್ತದೆ. ಎಸೆದವನಿಗೂ ಕರ್ಮಬಂಧವನ್ನು ತರುತ್ತದೆ.

ಹಿತವಾಗಿ, ಮಿತವಾಗಿ, ಸಂದೇಹಕ್ಕೆಡೆಯಿಲ್ಲದಂತೆ ನುಡಿಯುವುದು ಭಾಷಾಸಮಿತಿ. ಮುನಿಗಳಿಗೆ ವಿಧಿಸಿದ ಈ ನಿಯಮವನ್ನು ಗೃಹಸ್ಥರು ಅಂಶತಃವಾದರೂ ಪಾಲಿಸಬಹುದು. ನೋಡದುದರ ಬಗೆಗೆ ನುಡಿಯದಿರುವುದು, ನೋಡಿದುದರ ಬಗೆಗೆ ಕಂಡಷ್ಟನ್ನೇ ನುಡಿಯುವುದು, ಕೃತಿಯ ಮೇಲಿನ ಮಾತನ್ನು ವ್ಯಕ್ತಿಯ ಮೇಲೆ ಹೊರಳಿಸದಿರುವುದು: ಇಷ್ಟನ್ನು ಮನೆಯ ಹಿರಿಯರು ತಾವು ಪಾಲಿಸಿ ಮಕ್ಕಳಿಗೆ ತೋರಿಸಿದರೆ ಸಾಕು. ಸಂಜೆಯ ಪ್ರತಿಕ್ರಮಣದಲ್ಲಿ ಬಾಯಿಂದಾಡಿದ ಮಾತುಗಳೊಡನೆ ಆ ದಿನ ಬೆರಳಿನಿಂದ ಬರೆದ ಮಾತುಗಳನ್ನೂ ಒಮ್ಮೆ ನೆನೆದುಕೊಳ್ಳೋಣ.