ಮನೆವಾರ್ತೆ: ಎರಡು ಅಳತೆಯ ಹಳಿಗಳು

ಹುಬ್ಬಳ್ಳಿಯ ಹಿರಿಯರಿಗೆ ಹಳೆಯ ಸಣ್ಣ ಹಳಿಯ ನೆನಪು ಇದ್ದೇ ಇರುವದು. ದಕ್ಷಿಣ ಮರಾಠಾ ರೈಲ್ವೆಯವರು ಈ ಕಡೆಗೆ ಹಾಕಿದ ಹಳಿಯ ಅಗಲವು ಒಂದು ಮೀಟರು. ಪುಣೆಯಿಂದ ಮುಂಬಯಿಗೆ ಹೋಗುವ ಹಳಿಯದಾದರೋ 1,676 ಮಿಲಿಮೀಟರು. ಆದಕಾರಣ ಮುಂಬಯಿಗೆ ಹೊರಟ ನಮ್ಮ ಹತ್ತಿಯ ಅಂಡಿಗೆಗಳು ನಡುದಾರಿಯಲ್ಲಿ ಒಂದು ಗಾಡಿಯಿಂದಿಳಿದು ಮತ್ತೊಂದನ್ನು ಏರಬೇಕಾಗುತ್ತಿದ್ದವು. 1990ರ ದಶಕದಲ್ಲಿ ಹುಬ್ಬಳ್ಳಿಯ ಹಳಿಗಳೂ ಅಗಲವಾದವು.

ಅಂಥದೇ ತೊಡಕು ಈಗ ನಮ್ಮ ಮನೆಗಳಲ್ಲಿ ತಲೆದೋರಿರುವದು. ಮಗನ ಕೈಯಲ್ಲಿ ಐಫೋನು, ಮೇಜಿನ ಮೇಲೆ ವಿಂಡೋಸ್ ಕಂಪ್ಯೂಟರು. ಇವೆರಡನ್ನು ಮಾಡಿದವರು ಬೇರೆ ಬೇರೆ. ಅವರ ಅಳತೆಗಳೂ ಬೇರೆ. 2017ರಿಂದ ಐಫೋನು ಫೋಟೋಗಳನ್ನು ‘ಎಚ್‌ಇಐಸಿ’ ಎಂಬ ರೂಪದಲ್ಲಿ ಇಡಹತ್ತಿತು. ಇದರಿಂದ ಸ್ಥಳದ ಉಳಿತಾಯವಾಗುವದು ನಿಜ. ಆದರೆ ಅನೇಕ ವಿಂಡೋಸ್ ಯಂತ್ರಗಳು ಅದನ್ನು ತೆರೆಯಲಾರವು. ಫೋಟೋ ಬಂದಿರುವದು, ಕಾಣಿಸದು! ಇದರಲ್ಲಿ ಮನೆಯವರ ದಡ್ಡತನವೇನೂ ಇಲ್ಲ.

ಉಪಾಯವು ಸುಲಭವಾಗಿದೆ. ಫೋನಿನ ಸೆಟ್ಟಿಂಗ್ಸಿನೊಳಗೆ ‘ಫೋಟೋಸ್’ ಎಂಬುದನ್ನು ತೆರೆದು, ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಎಂಬಲ್ಲಿ ‘ಆಟೋಮ್ಯಾಟಿಕ್’ ಎಂಬುದನ್ನು ಆರಿಸತಕ್ಕದ್ದು. ಬಳಿಕ ಫೋನಿನ ಲಾಕು ತೆಗೆದು, ಕೇಬಲ್ಲು ಜೋಡಿಸಿ, ಫೋನು ಕೇಳಿದಾಗ ‘ಟ್ರಸ್ಟ್’ ಎಂಬುದನ್ನು ಒತ್ತಿರಿ. ಫೋಟೋಗಳು ಎಲ್ಲ ಯಂತ್ರಗಳೂ ಬಲ್ಲ ‘ಜೆಪೆಗ್’ ರೂಪದಲ್ಲಿ ಇಳಿಯುವವು. ಆಂಡ್ರಾಯ್ಡ್ ಫೋನಿದ್ದರೆ ಕೇಬಲ್ಲು ಜೋಡಿಸಿದ ಮೇಲೆ ‘ಫೈಲ್ ಟ್ರಾನ್ಸ್‌ಫರ್’ ಎಂಬುದನ್ನು ಆರಿಸಬೇಕು. ಇಲ್ಲವಾದರೆ ಬರಿಯ ಚಾರ್ಜು ಏರುವದೇ ಹೊರತು ಫೈಲು ಕಾಣವು. ವಾಟ್ಸಾಪಿನಲ್ಲಿ ಫೋಟೋವನ್ನು ಹಾಗೆಯೇ ಕಳಿಸಿದರೆ ಅದರ ಸೂಕ್ಷ್ಮ ವಿವರಗಳು ಕುಗ್ಗುವವು. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದಂತೆಯೇ ತಲುಪುವದು.

ಇನ್ನು ಮುಖ್ಯವಾದ ಮಾತು. ಫೋನು ತುಂಬಿತೆಂದು ಅವಸರದಿಂದ ಅಳಿಸುವವರು ಬಹಳ. ಒಂದು ವರ್ಷದ ಹತ್ತಿ ಹಾಳಾದರೆ ಮುಂದಿನ ವರ್ಷ ಬೆಳೆದೀತು. ತೀರಿಕೊಂಡ ಅಜ್ಜಿಯ ಧ್ವನಿ, ಕೂಸಿನ ಮೊದಲ ಹೆಜ್ಜೆ ಮತ್ತೆ ದೊರೆಯವು. ಸರಕು ಗಾಡಿ ಬದಲಿಸುವಾಗ ಜಾಣ ವ್ಯಾಪಾರಿಯು ಅಂಡಿಗೆಗಳನ್ನು ಎಣಿಸಿಕೊಳ್ಳದೆ ಬಿಡನು. ನಾವೂ ಹಾಗೆಯೇ ಫೋನಿನಲ್ಲಿ ಎಷ್ಟಿದ್ದವು, ಕಂಪ್ಯೂಟರಿನಲ್ಲಿ ಎಷ್ಟು ಇಳಿದವು ಎಂಬುದನ್ನು ಎಣಿಸಬೇಕು. ಅಲ್ಲಲ್ಲಿ ಕೆಲವನ್ನು ತೆರೆದು ನೋಡಬೇಕು. ಬೇರೊಂದು ಡಿಸ್ಕಿನಲ್ಲಿ ಇನ್ನೊಂದು ಪ್ರತಿಯನ್ನು ಇಡಬೇಕು.

‘ಐಕ್ಲೌಡ್ ಫೋಟೋಸ್’ ಇಟ್ಟುಕೊಂಡವರು ಇನ್ನೂ ಎಚ್ಚರದಿಂದಿರತಕ್ಕದ್ದು. ಸ್ಥಳ ಉಳಿಸುವ ವ್ಯವಸ್ಥೆ ಮಾಡಿದ್ದರೆ ಫೋನಿನಲ್ಲಿರುವದು ಕೆಲವೊಮ್ಮೆ ಕಿರುಪ್ರತಿ ಮಾತ್ರ; ಮೂಲವು ಐಕ್ಲೌಡಿನಲ್ಲಿರುವದು. ಫೋನಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುವದು. ಅಳಿಸಿದ್ದನ್ನು 30 ದಿನಗಳೊಳಗೆ ಮರಳಿ ಪಡೆಯಬಹುದು. ಆಮೇಲೆ ಆ ಆಸೆಯೂ ಇಲ್ಲ.

ಆದ್ದರಿಂದ ಗೃಹಸ್ಥರು ಈ ಕ್ರಮವನ್ನು ನೆನಪಿನಲ್ಲಿಡಬೇಕು: ಮೊದಲು ಇಳಿಸುವದು, ಎರಡನೆಯದಾಗಿ ಎಣಿಸುವದು, ಮೂರನೆಯದಾಗಿ ತೆರೆದು ನೋಡುವದು, ನಾಲ್ಕನೆಯದಾಗಿ ಇನ್ನೊಂದು ಪ್ರತಿ ಮಾಡುವದು. ಅಳಿಸುವದು ಇವೆಲ್ಲ ಮುಗಿದ ಮೇಲೆ.