ಮಂಡಿಗೆ ಕಲಾಯಿ

ಮಂಡಿನೋವು ಮನೆಯೊಳಕ್ಕೆ ಸದ್ದಿಲ್ಲದೆ ಬರುತ್ತದೆ. ಬಾಗಿಲ ಮುಂದಿನ ರಂಗವಲ್ಲಿ ದಿನದಿಂದ ದಿನಕ್ಕೆ ಚಿಕ್ಕದಾಗುತ್ತದೆ. ದೇವರ ಮನೆಯಲ್ಲಿ ಮಣೆಯಿದ್ದ ಜಾಗಕ್ಕೆ ಕುರ್ಚಿ ಬರುತ್ತದೆ. ಮದುವೆಯ ಕರೆಯೋಲೆ ಬಂದರೆ "ನೀವೆಲ್ಲ ಹೋಗಿ ಬನ್ನಿ, ಮನೆಗೆ ನಾನಿರುತ್ತೇನೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನೆಯವರು ಇದನ್ನು ವೈರಾಗ್ಯವೆಂದು ತಿಳಿಯುವುದೂ ಉಂಟು. ಎಷ್ಟೋ ವೇಳೆ ಅದು ಬರಿಯ ಮೆಟ್ಟಿಲಿನ ಭಯ.

ಮಂಡಿಯ ಕೀಲಿನಲ್ಲಿ ಮೂಳೆಯ ತುದಿಗಳಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯಿದೆ. ಅದರಲ್ಲಿ ನರಗಳಿಲ್ಲ, ಆದುದರಿಂದ ಸವೆತದ ಆರಂಭ ಅರಿವಿಗೆ ಬಾರದು. ರಕ್ತನಾಳಗಳೂ ಇಲ್ಲ, ಆದುದರಿಂದ ಸವೆದುದು ಮತ್ತೆ ಬೆಳೆಯುವುದು ಇಲ್ಲವೆಂಬಷ್ಟು ಕಡಮೆ. ವಯಸ್ಸು, ಮೈಭಾರ, ಹಳೆಯ ಪೆಟ್ಟು, ವಂಶಗುಣ ಇವೆಲ್ಲ ಸೇರಿ ಹೊದಿಕೆ ತೀರಿಹೋದಾಗ ಮೂಳೆಗೆ ಮೂಳೆ ತಿಕ್ಕತೊಡಗುತ್ತದೆ. ಕಾಲು ಬಿಲ್ಲಿನಂತೆ ಬಾಗುತ್ತದೆ.

'ಮಂಡಿ ಬದಲಾವಣೆ' ಎಂಬ ಹೆಸರೇ ಜನರನ್ನು ಹೆದರಿಸಿದೆ. ಹಳೆಯ ಮೊಣಕಾಲನ್ನು ತೆಗೆದೆಸೆದು ಯಂತ್ರದ ಕಾಲು ಕೂಡಿಸುತ್ತಾರೆಂದು ಹಲವರು ನಂಬಿದ್ದಾರೆ. ನಡೆಯುವ ಕೆಲಸವಾದರೋ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದಕ್ಕೆ ಹೆಚ್ಚು ಹತ್ತಿರ. ಶಸ್ತ್ರವೈದ್ಯರು ಸವೆದ ತುದಿಗಳನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ತೆಳ್ಳಗೆ ಕತ್ತರಿಸಿ, ತೊಡೆಯ ಮೂಳೆಗೆ ಕೋಬಾಲ್ಟ್-ಕ್ರೋಮಿಯಂ ಲೋಹದ ಟೋಪಿಯನ್ನೂ ಕೆಳಗಿನ ಮೂಳೆಗೆ ಲೋಹದ ತಟ್ಟೆಯನ್ನೂ ತೊಡಿಸಿ, ನಡುವೆ ಗಟ್ಟಿಯಾದ ಪಾಲಿಥಿಲೀನ್ ಹಾಸನ್ನು ಇಡುತ್ತಾರೆ. ಬಾಗಿದ ಕಾಲು ಅದರೊಡನೆ ನೇರವಾಗುತ್ತದೆ. ಸ್ನಾಯುಗಳೂ ಅಕ್ಕಪಕ್ಕದ ಬಂಧಗಳೂ ರೋಗಿಯವೇ.

ಈ ಯೋಚನೆ ಹಳೆಯದು. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲೂಕ್ ಆನೆಯ ದಂತದಲ್ಲಿ ಮಂಡಿಕೀಲನ್ನು ಮಾಡಿಸಿ ಕೂಡಿಸಿದ್ದನು. ಸೋಂಕು ತಗಲಿ ಆ ಯತ್ನ ಕೆಟ್ಟಿತು. ಇಂದಿನ ಮಾದರಿಯ ಮಂಡಿ ಬಳಕೆಗೆ ಬಂದುದು 1974ರಲ್ಲಿ, ನ್ಯೂಯಾರ್ಕಿನಲ್ಲಿ. ಅದನ್ನು ರೂಪಿಸಿದ ಜಾನ್ ಇನ್ಸಾಲರ ತಂಡದಲ್ಲಿ ಇಂದೂರಿನಲ್ಲಿ ಓದಿದ ಚಿತ್ತರಂಜನ್ ರಾಣಾವತ್ ಇದ್ದರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡಮಂಡಿಗೆ 2000ದ ಅಕ್ಟೋಬರಿನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ನಡೆಸಿದವರೂ ಅವರೇ. ವಾಜಪೇಯಿಯವರಿಗೆ ಆಗ 75 ವರ್ಷ. ಎಂಟು ತಿಂಗಳ ಬಳಿಕ ಬಲಮಂಡಿಯ ಸರದಿ. 'ಈ ವಯಸ್ಸಿನಲ್ಲಿ ಏಕೆ?' ಎನ್ನುವವರು ಇದನ್ನು ನೆನೆಯಬಹುದು.

ಹಾಗೆಂದು ನೋವು ಕಂಡೊಡನೆ ಶಸ್ತ್ರಕ್ಕೆ ಓಡಬೇಕಾಗಿಲ್ಲ. ಮೈಭಾರ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಊರುಗೋಲು—ಇವು ಮೊದಲು. ಬಲಮಂಡಿ ನೋಯುವವರು ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು. ಬಹುಮಂದಿ ತಿರುಗುಮುರುಗಾಗಿ ಹಿಡಿಯುತ್ತಾರೆ. ಆದರೆ ನೋವಿನ ಗುಳಿಗೆಯನ್ನೇ ನಂಬಿ ವರ್ಷಗಟ್ಟಲೆ ದೂಡುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಎಕ್ಸ್‌ರೇ ಚಿತ್ರವೊಂದೇ ತೀರ್ಮಾನಿಸಲಾರದು. ಚಿತ್ರ ಭಯಂಕರವಾಗಿದ್ದೂ ಸುಖವಾಗಿ ಓಡಾಡುವವರಿದ್ದಾರೆ. ರಾತ್ರಿ ನಿದ್ರೆ ಕೆಡುತ್ತಿದ್ದರೆ, ಬೀದಿಯ ಕೊನೆಯವರೆಗೆ ನಡೆಯುವುದು ಕಷ್ಟವಾದರೆ, ಉಳಿದ ಉಪಾಯಗಳು ಸೋತಿದ್ದರೆ, ಆಗ ಕಾಲ ಬಂದಿದೆ. ತೀರ ತಡಮಾಡುವುದರಲ್ಲಿಯೂ ನಷ್ಟವಿದೆ: ಮೊದಲೇ ಮಡಿಸಲಾಗದಷ್ಟು ಬಿಗಿದ ಮಂಡಿ ಶಸ್ತ್ರಕ್ರಿಯೆಯ ನಂತರವೂ ಅಷ್ಟಾಗಿ ಮಡಿಸದು.

ಖರ್ಚಿನ ಮಾತು ಬಿಡುವಂತಿಲ್ಲ. ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ ಸರಾಸರಿ ಒಂದೂವರೆ ಲಕ್ಷ ರೂಪಾಯಿಗೂ ಮೇಲಿದ್ದುದನ್ನು ಕೇಂದ್ರ ಸರಕಾರ 2017ರ ಆಗಸ್ಟಿನಲ್ಲಿ 54,720 ರೂಪಾಯಿಗೆ ಇಳಿಸಿ ಕಟ್ಟುಹಾಕಿತು, ತೆರಿಗೆ ಬೇರೆ. ಇದು ಲೋಹದ ಬೆಲೆ ಮಾತ್ರ. ಆಸ್ಪತ್ರೆಯ ವಾಸ, ವೈದ್ಯರ ಶುಲ್ಕ, ಅನಂತರದ ವ್ಯಾಯಾಮ ಚಿಕಿತ್ಸೆ ಇವನ್ನೆಲ್ಲ ಮೊದಲೇ ಬರೆಸಿ ಕೇಳುವುದು ಒಳ್ಳೆಯದು.

ಫಲವೇನು? 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ. ಬಹುಮಂದಿಗೆ ನೋವು ಹೋಗುತ್ತದೆ. ಐವರಲ್ಲಿ ಒಬ್ಬರವರೆಗೆ ಪೂರ್ಣ ತೃಪ್ತಿಯಿಲ್ಲದವರೂ ಇರುತ್ತಾರೆಂಬುದನ್ನು ಮುಚ್ಚಿಡಬಾರದು. ಸೋಂಕು ಅಪರೂಪವಾದರೂ ಕಠಿಣ. ಸಕ್ಕರೆ ಕಾಯಿಲೆಯವರು ಅದನ್ನು ಹತೋಟಿಗೆ ತಂದುಕೊಂಡೇ ಮುಂದುವರಿಯಬೇಕು. ಕೃತಕ ಮಂಡಿಯಲ್ಲಿ ಕುರ್ಚಿಯಲ್ಲಿ ಕೂರಬಹುದು, ಮೆಟ್ಟಿಲು ಹತ್ತಬಹುದು, ದೇವಸ್ಥಾನ ಸುತ್ತಬಹುದು. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂರುವುದು, ಕುಕ್ಕರುಗಾಲಲ್ಲಿ ಕೂರುವುದು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಈ ಬೀಳ್ಕೊಡುಗೆಗೆ ಮನಸ್ಸು ಒಪ್ಪಬೇಕು.

ಮರುದಿನವೇ, ಕೆಲವೆಡೆ ಅದೇ ದಿನವೇ, ಎಬ್ಬಿಸಿ ನಡೆಸುತ್ತಾರೆ. ಕಷ್ಟವಿರುವುದು ಮುಂದಿನ ಆರು ವಾರಗಳಲ್ಲಿ. ಮಡಿಸುವ, ನೀಡುವ ವ್ಯಾಯಾಮ ನೋಯುತ್ತದೆ. ಬಿಟ್ಟರೆ ಮಂಡಿ ಬಿಗಿಯುತ್ತದೆ. ಪಕ್ಕದಲ್ಲಿ ಕುಳಿತು "ಇನ್ನೊಂದು ಸಲ, ಅಮ್ಮ" ಎನ್ನುವವರು ಮನೆಯಲ್ಲಿ ಬೇಕು. ಹೊಸ ಮಂಡಿಯ ಅಡಿಯಲ್ಲಿ ಮಕ್ಕಳು ಪ್ರೀತಿಯಿಂದ ದಿಂಬು ಇಡುವುದುಂಟು. ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಬಾಗಿದಂತೆಯೇ ನಿಂತುಬಿಡುವ ಭಯವಿದೆ. ದಿಂಬು ಇಡಲೇಬೇಕಾದರೆ ಹಿಮ್ಮಡಿಯ ಅಡಿಯಲ್ಲಿ ಇಡಬೇಕು.